ಅಪ್ಪನ ಮಾತ್ರೆ, ಇಲಿಯ ಪ್ರಾಸ್ಟೇಟು

ಪ್ರಶ್ನೆ: ಅಪ್ಪಂಗೆ ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿರೋ ಗ್ರಂಥಿ) ದೊಡ್ಡದಾಗಿದೆ ಅಂತ ಫಿನಾಸ್ಟರೈಡ್ ಕೊಟ್ಟಿದಾರೆ, ತಿಂಗಳಾಯ್ತು, ರಾತ್ರಿ ಮೂತ್ರಕ್ಕೆ ಏಳೋದು ತಪ್ಪಿಲ್ಲ. ಇದು ಕೆಲಸ ಮಾಡೋದು ಹೆಂಗೆ?
– ಓದುಗರು, ಶಿರಸಿ

ಉತ್ತರ: ಇದರ ಗುಟ್ಟು ತುಂಬಾ ಗೊತ್ತಾಗಿದ್ದು ಇಲಿಗಳಿಂದ ನೋಡಿ. ಗಂಡಿಲಿಯ ಬೀಜ ತೆಗೆದ್ರೆ ಪ್ರಾಸ್ಟೇಟ್ ಕೆಲವೇ ದಿನದಲ್ಲಿ ಕುಗ್ಗತ್ತೆ, ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಕೊಟ್ರೆ ಮತ್ತೆ ಬೆಳೆಯತ್ತೆ. ಗ್ರಂಥಿಯೊಳಗೆ ಈ ಹಾರ್ಮೋನು 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವದಿಂದ ಡಿಎಚ್‌ಟಿ ಅನ್ನೋ ಇನ್ನೂ ಜೋರಾದ ಹಾರ್ಮೋನಾಗಿ, ರಿಸೆಪ್ಟರ್‌ಗೆ (ಹಾರ್ಮೋನ್ ಹಿಡಿಯೋ ಪ್ರೋಟೀನು) ಅಂಟ್ಕೊಂಡು, ಅದರ ಜೊತೆ ಡಿಎನ್‌ಎ ಮೇಲೆ ಕೂತು ಜೀನ್ ಆನ್ ಮಾಡತ್ತೆ. ಮಜಾ ಅಂದ್ರೆ ಹಾರ್ಮೋನ್ ನಿಂತಾಗ ಎಲ್ಲ ಜೀನೂ ಆಫ್ ಆಗಲ್ಲ, ಇಲಿಯಲ್ಲಿ ಪ್ರಾಸ್ಟೇಟೀನ್ ಅನ್ನೋ ಪ್ರೋಟೀನು ಇಳಿಯತ್ತೆ, ಕ್ಲಸ್ಟೆರಿನ್ ಅನ್ನೋ ಇನ್ನೊಂದು ಏರತ್ತೆ! ಫಿನಾಸ್ಟರೈಡ್ ತಡೆಯೋದು ಆ 5-ಆಲ್ಫಾ ರಿಡಕ್ಟೇಸ್ ಕಿಣ್ವಾನೇ, ಡಿಎಚ್‌ಟಿ ಕಮ್ಮಿಯಾಗಿ ಗ್ರಂಥಿ ನಿಧಾನಕ್ಕೆ ಕುಗ್ಗತ್ತೆ; ಪರಿಣಾಮಕ್ಕೆ ಆರು ತಿಂಗಳಾದ್ರೂ ಬೇಕು, ನಡುವೆ ಬಿಡಿಸ್ಬೇಡಿ. ಪಿಎಸ್‌ಎ (ಪ್ರಾಸ್ಟೇಟಿನ ರಕ್ತಪರೀಕ್ಷೆ) ಟೆಸ್ಟ್ ಮಾಡ್ಸಿದ್ರೆ ಮಾತ್ರೆ ವಿಷ್ಯ ಡಾಕ್ಟ್ರಿಗೆ ಹೇಳಿ, ಈ ಮಾತ್ರೆಯಿಂದ ಪಿಎಸ್‌ಎ ರಿಪೋರ್ಟಲ್ಲಿ ಸುಮಾರು ಅರ್ಧಕ್ಕೆ ಇಳಿದು ಕಾಣತ್ತೆ.