ಗರ್ಭದ ಕೂಸಿಗಾಗಿ ಹೇಳುವ ಪ್ರಾರ್ಥನೆ ಯಾರ ಕಿವಿಗೆ ಬೀಳುತ್ತದೆ?

ಪ್ರಶ್ನೆ: ಸಿಸ್ಟರ್, ನಾನು ಮಂಗಳೂರಿನ ಒಂದು ಚರ್ಚಿನಲ್ಲಿ ವಾಳೆಯ (ಅಕ್ಕಪಕ್ಕದ ಕ್ರೈಸ್ತ ಮನೆಗಳ ಗುಂಪಿನ) ಗುರಿಕಾರ, ಅಂದರೆ ಮುಖಂಡ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಗರ್ಭಪಾತಕ್ಕೆ ಬಲಿಯಾಗುವ ಶಿಶುಗಳಿಗಾಗಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತೇವೆ. ನಮ್ಮ ಯುವಕರಿಗೆ ಇದು ಸಾಲದು. "ಮನೆಯೊಳಗೆ ಕೂತು ಮಣಿ ಎಣಿಸಿದರೆ ಏನಾಗುತ್ತದೆ? ವಿದೇಶದಲ್ಲಿ ಮಾಡುವ ಹಾಗೆ ಆಸ್ಪತ್ರೆ ಗೇಟಿನ ಮುಂದೆ ನಿಂತು ಪ್ರಾರ್ಥಿಸೋಣ" ಅನ್ನುತ್ತಾರೆ. ನಿಮ್ಮ ಅಭಿಪ್ರಾಯ ಏನು?

ಉತ್ತರ: ಗುರಿಕಾರರೇ, ನಿಮ್ಮ ಯುವಕರ ತಳಮಳ ಒಳ್ಳೆಯದೇ. ಗರ್ಭದ ಜೀವದ ಬಗ್ಗೆ ತಲೆಕೆಡಿಸಿಕೊಳ್ಳುವ ಹುಡುಗರು ವಾಳೆಯಲ್ಲಿ ಇದ್ದಾರೆ ಅನ್ನುವುದೇ ಸಂತೋಷದ ಸಂಗತಿ. ಆದರೆ ಗೇಟಿನ ಮುಂದೆ ನಿಲ್ಲುವುದು ಬೇಡ.

ಅವರು ಹೇಳುವ ಮಾದರಿ 2004ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಆರಂಭವಾದ 40 ದಿನಗಳ ಪ್ರಾರ್ಥನೆ, ಉಪವಾಸ, ಜಾಗರಣೆಯದ್ದು. ಅಮೆರಿಕದ ಹಲವು ಕಡೆ ಗರ್ಭಪಾತಕ್ಕೆಂದೇ ಬೇರೆ ಕ್ಲಿನಿಕ್‌ಗಳಿವೆ. ನಮ್ಮ ಊರಲ್ಲಿ ಹಾಗಿಲ್ಲ. ಹೆರಿಗೆಗೆ ಬಂದವಳು, ಮಕ್ಕಳಾಗಲೆಂದು ವರ್ಷಗಟ್ಟಲೆ ಔಷಧಿ ಮಾಡುತ್ತಿರುವವಳು, ಏಳನೇ ತಿಂಗಳಲ್ಲಿ ಮಗುವಿನ ಎದೆಬಡಿತ ನಿಂತುಹೋಗಿದೆ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾದವಳು, ಎಲ್ಲರೂ ಒಂದೇ ಹೆರಿಗೆ ವಿಭಾಗದ ಬೆಂಚಿನಲ್ಲಿ ಕೂತಿರುತ್ತಾರೆ. ನೀವು ಗೇಟಿನಲ್ಲಿ ಹಿಡಿದು ನಿಲ್ಲುವ ಫಲಕ ಯಾರ ಕಣ್ಣಿಗೆ ಬೀಳುತ್ತದೆ ಎಂದು ನೀವು ಹೇಳಬಲ್ಲಿರಾ? ಹೊಟ್ಟೆಯಲ್ಲಿ ಸತ್ತ ಮಗುವನ್ನು ಹೊತ್ತು ಹೊರಬರುವವಳಿಗೆ ಆ ಫಲಕ ಎಂಥ ಪೆಟ್ಟು ಕೊಟ್ಟೀತು!

ಹಾಗಾದರೆ ಪ್ರಾರ್ಥನೆಯಿಂದ ಏನು ಉಪಯೋಗ? ಪೋಪ್ ಎರಡನೇ ಜಾನ್ ಪಾಲ್ 1995ರ ಮಾರ್ಚ್ 25ರಂದು ಜೀವದ ಸುವಾರ್ತೆಯ ಬಗ್ಗೆ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಜೀವಕ್ಕಾಗಿ ಒಂದು ಮಹಾ ಪ್ರಾರ್ಥನೆ ತುರ್ತಾಗಿ ಬೇಕಾಗಿದೆ ಎಂದು ಕರೆಕೊಟ್ಟರು. ಇಂಥ ದುಷ್ಟಶಕ್ತಿ ಪ್ರಾರ್ಥನೆಯಿಂದಲ್ಲದೆ ಬಿಟ್ಟುಹೋಗುವುದಿಲ್ಲ ಎಂದು ಯೇಸು ಶಿಷ್ಯರಿಗೆ ಹೇಳಿದ ಮಾತನ್ನು ಅಲ್ಲಿ ನೆನಪಿಸಿದ್ದಾರೆ. ಕಾನೂನು, ಭಾಷಣ, ಮೆರವಣಿಗೆಗಳಿಂದ ಮನುಷ್ಯನ ಮನಸ್ಸಿನ ಆಳದ ಭಯ ಹೋಗುವುದಿಲ್ಲ. ದೇವರು ಅಲ್ಲಿಗೆ ಇಳಿಯಬಲ್ಲರು ಎಂಬ ನಂಬಿಕೆಯೇ ನಮ್ಮ ಕೆಲಸದ ಬುಡ. ಅದು ಇಲ್ಲದವರು ಎರಡು ವರ್ಷದೊಳಗೆ ಸೋತು ಕೈಬಿಡುತ್ತಾರೆ, ಇಲ್ಲವೇ ಎದುರಿಗಿದ್ದವರನ್ನು ದ್ವೇಷಿಸಲು ಕಲಿಯುತ್ತಾರೆ. ಎರಡನ್ನೂ ನಾನು ಕಂಡಿದ್ದೇನೆ.

ಈಗ ನಿಮ್ಮ ತೇರ್ಸ್ ವಿಷಯಕ್ಕೆ ಬರುತ್ತೇನೆ. ಒಂದು ಮನೆಯ ಪ್ರಾರ್ಥನಾ ಕೂಟಕ್ಕೆ ನಾನು ಹೋಗಿದ್ದೆ. ಪ್ರತಿ ಹತ್ತು 'ನಮೋ ಮರಿಯಾ'ಗಳ ನಡುವೆ ಒಂದು ಕೋರಿಕೆ ಓದುವುದಿತ್ತು. ಒಬ್ಬರು ಚೀಟಿ ಬಿಡಿಸಿ ಓದಿದರು: "ಹೆತ್ತ ಕರುಳನ್ನೇ ಕೊಂದ ಪಾಪಿ ತಾಯಂದಿರ ಮನಪರಿವರ್ತನೆಗಾಗಿ." ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದ ಮಹಿಳೆಯೊಬ್ಬರ ಬೆರಳು ಮಣಿಯ ಮೇಲೆ ನಿಂತುಬಿಟ್ಟಿತು. ಮುಂದಿನ ಹತ್ತಕ್ಕೆ ಅವರ ಸ್ವರ ಕೇಳಲಿಲ್ಲ. ಪ್ರಾರ್ಥನೆ ಮುಗಿದು ಚಹಾ ಬರುವ ಮೊದಲೇ ಹೊರಟುಹೋದರು. ಅವರ ಕಥೆ ಏನೆಂದು ನಾನು ಕೇಳಲಿಲ್ಲ, ನೀವೂ ಊಹಿಸಬೇಡಿ. ಗರ್ಭದ ಜೀವಕ್ಕಾಗಿ ಮಾಡುವ ಪ್ರತಿ ಪ್ರಾರ್ಥನೆಯೂ ಆ ಮಹಿಳೆ ಕೋಣೆಯಲ್ಲಿ ಕೂತಿದ್ದಾರೆ ಎಂದುಕೊಂಡೇ ಹೇಳಬೇಕಾದ ಪ್ರಾರ್ಥನೆ. ಅವರು ಎದ್ದುಹೋಗುವಂತೆ ಮಾಡಿದ ಪ್ರಾರ್ಥನೆ ಮಗುವಿಗೂ ಒದಗಲಿಲ್ಲ, ಏಕೆಂದರೆ ಮಗು ಇರುವುದು ಅಂಥವಳೊಬ್ಬಳ ಒಡಲಲ್ಲೇ.

ಆದ್ದರಿಂದ ಚೀಟಿಗಳನ್ನು ಮೊದಲೇ ನೀವು ಓದಿ ನೋಡಿ. "ಬಸುರಿ ಎಂದು ತಿಳಿದು ಈ ರಾತ್ರಿ ನಿದ್ದೆ ಬಾರದೆ ಮಲಗಿರುವವಳಿಗಾಗಿ" ಎಂದು ಬರೆಯಿರಿ. ಜವಾಬ್ದಾರಿ ಬಿಟ್ಟು ಓಡುವ ಗಂಡಸಿಗಾಗಿ ಬರೆಯಿರಿ; ನಮ್ಮ ಕೂಟಗಳಲ್ಲಿ ಅವನ ಹೆಸರೇ ಬರುವುದಿಲ್ಲ, ಇದು ನನಗೆ ಬಹಳ ಕಾಲದಿಂದ ಇರುವ ಸಿಟ್ಟು. ಮರ್ಯಾದೆಗೆ ಅಂಜಿ ಮಗಳನ್ನು ಒತ್ತಾಯಿಸುವ ಅಪ್ಪ-ಅಮ್ಮಂದಿರಿಗಾಗಿ, ಮನಸ್ಸಾಕ್ಷಿಯ ಇಕ್ಕಟ್ಟಿನಲ್ಲಿ ಸಿಲುಕುವ, ನರ್ಸ್ ಆಗಿರುವ ನಮ್ಮ ಮಕ್ಕಳಿಗಾಗಿ ಬರೆಯಿರಿ. ನಮ್ಮ ಎಷ್ಟು ಮನೆಗಳಲ್ಲಿ ನರ್ಸ್‌ಗಳಿದ್ದಾರೆ! ಗೊತ್ತಿರುವ ಯಾರದ್ದೇ ಹೆಸರು, ಮನೆ, ಸುಳಿವು ಬರಕೂಡದು. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ವೈದ್ಯರು ಗುಟ್ಟಾಗಿಡಬೇಕೆಂದು 2021ರಲ್ಲಿ ತಿದ್ದುಪಡಿಯಾದ ಕಾನೂನೇ ಹೇಳುತ್ತದೆ. ಪ್ರಾರ್ಥನೆಯ ಹೆಸರಿನಲ್ಲಿ ನಾವು ಅದಕ್ಕಿಂತ ಸಡಿಲವಾಗಬಹುದೇ?

ಯುವಕರಿಗೆ ಕೆಲಸ ಬೇಕಲ್ಲವೇ, ತೇರ್ಸಿನಲ್ಲಿ ಧ್ಯಾನಿಸುವ ಸಂತೋಷದ ರಹಸ್ಯಗಳಲ್ಲಿ ಎರಡನೆಯದನ್ನು ಅವರಿಂದಲೇ ಹೇಳಿಸಿ. ಮರಿಯಮ್ಮ ಬೆಟ್ಟದ ಸೀಮೆಗೆ ಅವಸರದಿಂದ ಹೋದಾಗ ಎಲಿಜಬೇತಳ ಗರ್ಭದಲ್ಲಿ ಕೂಸು ನಲಿದಾಡಿತು. ಮರಿಯಮ್ಮ ಸ್ತುತಿಗೀತೆ ಹಾಡಿದಳು. ಅಲ್ಲಿಗೆ ನಿಲ್ಲಿಸದೆ ಲೂಕ ಇನ್ನೊಂದು ಮಾತು ಬರೆಯುತ್ತಾನೆ, ಆಕೆ ಸುಮಾರು ಮೂರು ತಿಂಗಳು ಅಲ್ಲೇ ಇದ್ದಳು ಎಂದು. ನಿಮ್ಮ ವಾಳೆಯಲ್ಲಿ ಹಾಗೆ ಇರಬಲ್ಲವರು ಯಾರು? ತಪಾಸಣೆಗೆ ಆಟೋದಲ್ಲಿ ಕರೆದುಕೊಂಡು ಹೋಗುವವರು, ಮನೆಯಿಂದ ಹೊರಹಾಕಿದ ಹುಡುಗಿಗೆ ಒಂದು ಕೋಣೆ ಬಿಟ್ಟುಕೊಡುವವರು ಯಾರು? ಹೆತ್ತ ಮಗುವನ್ನು ಸಾಕಲು ಆಗದ ತಾಯಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಆಕೆಗೆ ಎರಡು ತಿಂಗಳ ಅವಕಾಶವಿದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ ಎಂಬುದು ನಿಮ್ಮ ಕೂಟದಲ್ಲಿ ಎಷ್ಟು ಜನರಿಗೆ ಗೊತ್ತು? ತೇರ್ಸ್ ಆದ ಮೇಲೆ ಹತ್ತು ನಿಮಿಷ ಇದನ್ನು ಮಾತಾಡಿ. ಸಾರ್ವಜನಿಕವಾಗಿ ಏನಾದರೂ ಮಾಡಲೇಬೇಕು ಅಂದರೆ ಆಗಸ್ಟ್ 10 ಇದೆ. 1971ರಲ್ಲಿ ಗರ್ಭಪಾತ ಕಾನೂನು ಬಂದ ಆ ದಿನವನ್ನು, ಐವತ್ತು ವರ್ಷ ತುಂಬಿದ 2021ರಲ್ಲಿ, ಭಾರತದ ಧರ್ಮಸಭೆ ಶೋಕದ ದಿನವಾಗಿ ಆಚರಿಸಿತು. ಚರ್ಚಿನಲ್ಲಿ ಪರಮ ಪ್ರಸಾದದ ಆರಾಧನೆ ಇಡಿ, ಬಾಗಿಲು ತೆರೆದಿಡಿ, ಯಾರು ಬೇಕಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ.

ಪ್ರಶ್ನೆ: ಸಿಸ್ಟರ್, ಊರು ಉಡುಪಿ ಕಡೆ. ಮದುವೆಯಾದ ಹೊಸತರಲ್ಲಿ, ಗಂಡ ಗಲ್ಫ್‌ಗೆ ಹೊರಡುವ ಗಡಿಬಿಡಿಯಲ್ಲಿ, ಮನೆಯವರ ಮಾತು ಕೇಳಿ ತೆಗೆಸಿಬಿಟ್ಟೆ. ಈಗ ಇಬ್ಬರು ಮಕ್ಕಳಿದ್ದಾರೆ. ನಮ್ಮ ಚರ್ಚಿನಲ್ಲಿ ಜೀವಕ್ಕಾಗಿ ಪ್ರಾರ್ಥಿಸುವ ಗುಂಪಿಗೆ ಸೇರು ಎಂದು ಕರೆಯುತ್ತಾರೆ. ನನಗೆ ಅಲ್ಲಿ ಕೂರುವ ಯೋಗ್ಯತೆ ಇದೆಯೇ? ಆ ಮಗು ಎಲ್ಲಿದೆ?

ಉತ್ತರ: ತಂಗಿ, ಇದೆ. ಮೊದಲು ಅದನ್ನು ನಂಬು.

ಈ ಪಾಪಕ್ಕೆ ಬಿಷಪರಿಂದಲೇ ಕ್ಷಮೆ ಆಗಬೇಕು ಎಂದು ಕೆಲವರು ಈಗಲೂ ಹೆದರಿಸುತ್ತಾರೆ. ಪೋಪ್ ಫ್ರಾನ್ಸಿಸ್ 2016ರ ನವೆಂಬರ್‌ನಲ್ಲಿ, ಕರುಣೆಯ ಜುಬಿಲಿ ವರ್ಷ ಮುಗಿದಾಗ, ಎಲ್ಲ ಗುರುಗಳಿಗೂ ಈ ಅಧಿಕಾರವನ್ನು ಶಾಶ್ವತವಾಗಿ ಕೊಟ್ಟರು. ಊರಿನ ಪಾದ್ರಿಯ ಹತ್ತಿರ ಹೋಗಲು ಮುಜುಗರವಾದರೆ ಕಾರ್ಕಳದ ಅತ್ತೂರು ಚರ್ಚಿಗೆ ಹೋಗು, ಬಿಕರ್ನಕಟ್ಟೆಯ ಬಾಲಯೇಸುವಿನ ಕ್ಷೇತ್ರಕ್ಕೆ ಹೋಗು. ಅಲ್ಲಿ ನಿನ್ನನ್ನು ಯಾರೂ ಗುರುತಿಸುವುದಿಲ್ಲ. ಹಿಂದೆಯೇ ಪಾಪನಿವೇದನೆ ಮಾಡಿದ್ದರೆ ಮತ್ತೆ ಮತ್ತೆ ಅದನ್ನೇ ಹೇಳಬೇಕಾಗಿಲ್ಲ. ಕ್ಷಮೆ ಸಿಕ್ಕಿದೆ.

ಮಗುವಿನ ಬಗ್ಗೆ. ನಾನು ಮೇಲೆ ಹೇಳಿದ ವಿಶ್ವಪತ್ರದಲ್ಲೇ ಎರಡನೇ ಜಾನ್ ಪಾಲರು ನಿನ್ನಂಥವರನ್ನೇ ಉದ್ದೇಶಿಸಿ ಬರೆದಿದ್ದಾರೆ: ಎದೆಗುಂದಬೇಡಿ, ಭರವಸೆ ಬಿಡಬೇಡಿ, ನಿಮ್ಮ ಮಗುವನ್ನು ತಂದೆಯ ಕರುಣೆಗೆ ಒಪ್ಪಿಸಬಹುದು ಎಂದು. ನಿಮ್ಮ ನೋವಿನ ಅನುಭವದಿಂದಲೇ ನೀವು ಎಲ್ಲರ ಜೀವದ ಹಕ್ಕಿನ ಪರವಾಗಿ ಅತ್ಯಂತ ಮನಮುಟ್ಟುವಂತೆ ಮಾತಾಡುವವರಲ್ಲಿ ಒಬ್ಬರಾಗಬಲ್ಲಿರಿ ಎಂದೂ ಹೇಳಿದ್ದಾರೆ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೇ ಒಪ್ಪಿಸುತ್ತದೆ. ಮಗುವಿಗೊಂದು ಹೆಸರಿಡಬೇಕು ಅನಿಸಿದರೆ ಇಡು. ಅದರ ಹೆಸರಿನಲ್ಲಿ ಪೂಜೆ ಕೊಡಿಸು. ಪೂಜೆಯ ಚೀಟಿಯಲ್ಲಿ 'ವಿಶೇಷ ಕೋರಿಕೆಗಾಗಿ' ಎಂದು ಬರೆಸಿದರೆ ಸಾಕು.

ಗುಂಪಿಗೆ ಸೇರುವ ಅವಸರ ಬೇಡ. ಅಳು ಉಕ್ಕಿ ಬರುತ್ತಿದ್ದರೆ, ಆ ತಿಂಗಳು ಬಂದಾಗಲೆಲ್ಲ ನಿದ್ದೆ ಕೆಡುತ್ತಿದ್ದರೆ ಆಪ್ತಸಮಾಲೋಚಕರನ್ನೂ ಕಾಣು. ಅದರಿಂದ ನಂಬಿಕೆ ಕಡಿಮೆಯಾಯಿತು ಎಂದು ಅರ್ಥವಲ್ಲ. ಸೇರಿದ ಮೇಲೂ ನಿನ್ನ ಕಥೆಯನ್ನು ಸಾಕ್ಷಿ ಎಂದು ಎದ್ದುನಿಂತು ಹೇಳಲು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡ. ಅದು ನಿನ್ನದು.

ಪ್ರಶ್ನೆ: ಹುಟ್ಟಲಿರುವ ಒಂದು ಮಗುವನ್ನು ಪ್ರಾರ್ಥನೆಯಲ್ಲಿ ಒಂಬತ್ತು ತಿಂಗಳು ದತ್ತು ತೆಗೆದುಕೊಳ್ಳುವ ಕ್ರಮ ಇದೆಯಂತೆ. ಯಾವಾಗ ಶುರುಮಾಡಬೇಕು?

ಉತ್ತರ: ಯಾವ ದಿನವೂ ಆದೀತು. ಗರ್ಭದಲ್ಲೇ ಅಪಾಯದಲ್ಲಿರುವ, ನಮಗೆ ಗೊತ್ತೇ ಇಲ್ಲದ ಒಂದು ಮಗುವಿಗಾಗಿ ದಿನಕ್ಕೊಂದು ಚಿಕ್ಕ ಪ್ರಾರ್ಥನೆ, ಅಷ್ಟೇ. ಹೆಚ್ಚಿನವರು ದೇವದೂತನ ಸಂದೇಶದ ಹಬ್ಬವಾದ ಮಾರ್ಚ್ 25ರಿಂದ ಕ್ರಿಸ್ಮಸ್‌ವರೆಗೆ ಮಾಡುತ್ತಾರೆ. ನಮ್ಮವರಿಗೆ ನಾನು ಹೇಳುವುದು ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8, ಮರಿಯಮ್ಮ ಹುಟ್ಟಿದ ದಿನದ ಹಬ್ಬವಾದ ಮೊಂತಿ ಫೆಸ್ತ್. ಮಕ್ಕಳು ನೊವೆನಾದ ಒಂಬತ್ತು ದಿನ ಹೂ ಹಾಕಿ, ಹೊಸ ತೆನೆ ಮನೆಗೆ ತರುವ ಹಬ್ಬಕ್ಕೆ ಪ್ರಾರ್ಥನೆ ಮುಗಿಯುತ್ತದೆ. ಆ ದಿನ ಮನೆಯಲ್ಲಿ ಊಟಕ್ಕೆ ಖರ್ಚಾಗುವಷ್ಟೇ ಹಣವನ್ನು ತೆಗೆದಿಟ್ಟು, ನಿಮ್ಮ ವಾಳೆಯಲ್ಲಿ ಕಷ್ಟದಲ್ಲಿರುವ ಒಬ್ಬ ಬಾಣಂತಿಯ ಮನೆಗೆ ತಲುಪಿಸಿ.