ಮಧ್ಯಯುಗದ ಚರ್ಚುಗಳ ಗಾಯನ ಪುಸ್ತಕಗಳು ಅಷ್ಟು ದೊಡ್ಡದಾಗಿ, ಅಷ್ಟೊಂದು ಚಿನ್ನ ಹಚ್ಚಿಕೊಂಡು ಇರುತ್ತಿದ್ದುದೇಕೆ?

ಪುಸ್ತಕ ಒಂದು, ಹಾಡುವವರು ಹಲವರು. ಪೀಠದ ಮೇಲೆ ತೆರೆದಿಟ್ಟ ಒಂದೇ ಪ್ರತಿಯನ್ನು ಇಡೀ ಗಾಯಕವೃಂದ ಮಂದ ಬೆಳಕಿನಲ್ಲಿ, ದೂರದಿಂದಲೇ ಓದಬೇಕಿತ್ತು. ಬಲಿಪೂಜೆಯ (ಮಾಸ್) ಹಾಡುಗಳ ಪುಸ್ತಕಕ್ಕೆ ಗ್ರಾಜುವಲ್ ಎಂದು ಹೆಸರು, ದಿನದ ಉಳಿದ ಪ್ರಾರ್ಥನೆಗಳದಕ್ಕೆ ಆಂಟಿಫೊನರಿ.

ಅಲಂಕಾರ ಬರೀ ಅಂದಕ್ಕಲ್ಲ, ಅದು ಗುರುತೂ ಹೌದು. ಕ್ರಿಸ್‌ಮಸ್ ಹಗಲಿನ ಪೂಜೆ ‘ಪುಎರ್ ನಾತುಸ್’ (ಲ್ಯಾಟಿನ್‌ನಲ್ಲಿ ‘ಮಗು ಹುಟ್ಟಿದೆ’) ಎಂಬ ಹಾಡಿನಿಂದ ಶುರುವಾಗುತ್ತದೆ. ಅದರ ದೊಡ್ಡ ‘ಪಿ’ ಅಕ್ಷರದ ಹೊಟ್ಟೆಯೊಳಗೆ ಗೋದಲಿಯಲ್ಲಿ ಮಲಗಿದ ಕೂಸು ಯೇಸು ಕಂಡರೆ ಸಾಕು, ಹಾಳೆ ಸಿಕ್ಕಂತೆ.

ಕೆಲಸದ ಕ್ರಮ ಮುಖ್ಯ. ಹದಮಾಡಿದ ತೊಗಲಿನ ಮೇಲೆ ಮೊದಲು ಬರವಣಿಗೆ. ಮಸಿಗೆ ಮಾಚಿಕಾಯಿ, ಅನ್ನಭೇದಿ, ಗೋಂದು. ಸ್ವರಗಳಿಗೆ ಸಾಮಾನ್ಯವಾಗಿ ನಾಲ್ಕು ಕೆಂಪು ಗೆರೆ. ಆಮೇಲೆ ಚಿನ್ನ: ಗೆಸ್ಸೋ ಎಂಬ ಸುಣ್ಣದಂಥ ಲೇಪವನ್ನು ಉಬ್ಬಾಗಿ ಹಚ್ಚಿ, ಒಣಗಿದ ಮೇಲೆ ಬಾಯಿಯ ಹಬೆ ಊದಿ ತುಸು ತೇವ ಮಾಡಿ, ಚಿನ್ನದ ತೆಳು ರೇಕು ಕೂರಿಸಿ, ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ತೀಡುತ್ತಿದ್ದರು. ಬಣ್ಣ ಕೊನೆಗೇ. ಮೊದಲೇ ಹಚ್ಚಿದರೆ ರೇಕು ಅದಕ್ಕೂ ಅಂಟೀತು, ತೀಡುವಾಗ ಬಣ್ಣ ಕೆಟ್ಟೀತು.

ತೊಗಲು ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ, ಗಡಸು ಗೆಸ್ಸೋ ಅದರ ಜೊತೆ ಬಾಗದೆ ಬಿರಿದು ಉದುರುತ್ತದೆ. ಮರದ ರಟ್ಟು, ಲೋಹದ ಕೊಂಡಿ ಹಾಕಿ ಬಿಗಿಯುತ್ತಿದ್ದುದು ಇದಕ್ಕೇ. ಇದಕ್ಕಿಂತ ದೊಡ್ಡ ನಷ್ಟ ಕತ್ತರಿಯದು: 19ನೇ ಶತಮಾನದಲ್ಲಿ ಸಂಗ್ರಾಹಕರಿಗೆ ಮಾರಲೆಂದು ಚಿತ್ರಾಕ್ಷರಗಳನ್ನಷ್ಟೇ ಕತ್ತರಿಸಿ ತೆಗೆದರು, ಹಿಂಬದಿಯ ಹಾಡೂ ಹೋಯಿತು. ಇಡಿಯಾಗಿ ಉಳಿದವನ್ನು ನೋಡಬೇಕೆಂದರೆ ಇಟಲಿಯ ಸಿಯೆನಾ ಕತೀಡ್ರಲ್‌ನ ಪಿಕೊಲೊಮಿನಿ ಗ್ರಂಥಾಲಯಕ್ಕೆ ಹೋಗಿ.