ಕ್ಯೂಆರ್ ಕೋಡ್ ತೆಗೆದರೆ ತೆರಿಗೆ ತಪ್ಪುವುದೇ?

ಪ್ರಶ್ನೆ: ನಮ್ಮದೊಂದು ಚಿಕ್ಕ ಬೇಕರಿ. ಬ್ರೆಡ್, ಹಾಲು, ಸಿಗರೇಟಿನ ಜೊತೆಗೆ ಚಹಾ, ಕಾಫಿಯನ್ನೂ ಮಾರುತ್ತೇವೆ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಅಕ್ಕಪಕ್ಕದ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ನಾವೂ ಹಾಗೆ ಮಾಡುವುದು ಸರಿಯೇ?
– ಓದುಗರು, ತುಮಕೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಹಣ ನೋಟಿನಲ್ಲಿ ಬಂದಿತೋ ಮೊಬೈಲಿನಲ್ಲಿ ಬಂದಿತೋ ಎಂಬುದನ್ನು ಜಿಎಸ್‌ಟಿ ಕಾನೂನು ನೋಡುವುದಿಲ್ಲ. ಒಟ್ಟು ಮಾರಾಟವನ್ನಷ್ಟೇ ನೋಡುತ್ತದೆ. ಕೋಡ್ ತೆಗೆದರೆ ಗಿರಾಕಿ ಕೈತಪ್ಪಬಹುದು, ಹೊಣೆ ತಪ್ಪುವುದಿಲ್ಲ.

ಯುಪಿಐ ಆರಂಭವಾದದ್ದು 2016ರಲ್ಲಿ. 2020ರ ಜನವರಿಯಿಂದ ವ್ಯಾಪಾರಿಗಳು ಅದಕ್ಕೆ ಶುಲ್ಕ ಕೊಡಬೇಕಿಲ್ಲವೆಂದಾದ ಮೇಲೆ ಸೊಪ್ಪಿನ ಗಾಡಿಯವರೆಗೂ ಅದು ಹಬ್ಬಿತು. ಅಲ್ಲಿಯವರೆಗೆ ಗಲ್ಲಾಪೆಟ್ಟಿಗೆಯಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿದ್ದ ವ್ಯಾಪಾರದ ಲೆಕ್ಕವು, ಅಂಗಡಿಯವರು ಒಂದಕ್ಷರ ಬರೆಯದಿದ್ದರೂ, ತಾನಾಗಿಯೇ ದಾಖಲಾಗತೊಡಗಿತು. ಈ ತಂತ್ರಜ್ಞಾನ ತಂದ ನಿಜವಾದ ಬದಲಾವಣೆ ಇದು. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ 2024–25ರವರೆಗಿನ ಈ ದಾಖಲೆಗಳನ್ನು ಪಡೆದು ನೋಟಿಸ್ ಕಳುಹಿಸಿತು. ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಲೇ ಲಕ್ಷಗಟ್ಟಲೆ ತೆರಿಗೆ ಕೇಳುವ ಬದಲು, ಮಾರಾಟವು ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ ಮೊದಲ ವರ್ಷವೇ ವ್ಯಾಪಾರಿಗಳನ್ನು ಕರೆದು ತಿಳಿಹೇಳಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ವ್ಯಾಪಾರಿಗಳ ಪ್ರತಿಭಟನೆಯ ಬಳಿಕ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಹೇಳಿದರು.

ಇನ್ನು ನಿಮ್ಮ ಅಂಗಡಿಯ ವಿಚಾರ. ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಸೇವೆಗೆ 20 ಲಕ್ಷ. ನೀವು ಅಂಗಡಿಯಲ್ಲೇ ಚಹಾ ಮಾಡಿ ಕುಡಿಯಲು ಕೊಡುವುದನ್ನು ಕಾನೂನು ಸೇವೆಯೆಂದು ಪರಿಗಣಿಸುವುದರಿಂದ, ಇಡೀ ಬೇಕರಿಗೆ 20 ಲಕ್ಷದ ಮಿತಿಯೇ ಅನ್ವಯವಾಗುತ್ತದೆ. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರವಾದರೆ ಆ ಮಿತಿ ಮುಟ್ಟಿದಂತೆಯೇ. ಹಾಲಿನ ಪ್ಯಾಕೆಟ್ಟಿನಲ್ಲಿ, ಸಿಗರೇಟಿನಲ್ಲಿ ಕೈಗೆ ಉಳಿಯುವುದು ಚೂರೇ ಆದರೂ ಮಿತಿಗೆ ಲೆಕ್ಕವಾಗುವುದು ಲಾಭವಲ್ಲ, ಮಾರಿದ ಪೂರ್ತಿ ಮೊತ್ತ. ತೆರಿಗೆಯಿಲ್ಲದ ಹಾಲು, ಬ್ರೆಡ್ಡಿನ ಮಾರಾಟವೂ ಅದರೊಳಗೆ ಸೇರುತ್ತದೆ. ತರಕಾರಿಯಂಥ ತೆರಿಗೆರಹಿತ ವಸ್ತುಗಳನ್ನು ಮಾತ್ರ ಮಾರುವವರಿಗಾದರೆ ನೋಂದಣಿಯೇ ಬೇಕಿಲ್ಲ. ಅಂಥವರಿಗೂ ನೋಟಿಸ್ ಹೋದದ್ದು ನೋವಿನ ಸಂಗತಿ.

ಮಿತಿ ದಾಟಿದ್ದರೆ ರಾಜಿ ತೆರಿಗೆ ಪದ್ಧತಿಯ (ಕಾಂಪೊಸಿಷನ್; ಮಾರಾಟದ ಮೊತ್ತದ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸರಳ ವಿಧಾನ) ಬಗ್ಗೆ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಸರಕಿನ ವ್ಯಾಪಾರಿಗಳಿಗೆ ಅದರಲ್ಲಿ ಶೇ 1, ಹೋಟೆಲುಗಳಿಗೆ ಶೇ 5 ತೆರಿಗೆ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯೂ ವಾಪಸು ಸಿಗುವುದಿಲ್ಲ. ಬೇಕರಿ, ಚಹಾ ಎರಡೂ ಇರುವ ನಿಮ್ಮಂಥವರಿಗೆ ಯಾವ ದರ ಎಂಬುದನ್ನು ಬಿಲ್ಲುಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬೇಕು.

ಪ್ರಶ್ನೆ: ಚೀಟಿ ದುಡ್ಡು, ಅಣ್ಣ ಕೊಟ್ಟ ಕೈಸಾಲ ಎಲ್ಲವೂ ಅಂಗಡಿಯ ಕ್ಯೂಆರ್ ಖಾತೆಗೇ ಬಂದಿದೆ. ಅದಕ್ಕೂ ತೆರಿಗೆ ಬೀಳುವುದೇ?
– ಓದುಗರು, ಹಾಸನ

ಉತ್ತರ: ಬೀಳುವುದಿಲ್ಲ. ಅದು ಮಾರಾಟದ ಹಣವಲ್ಲ. ಆದರೆ ಪಾವತಿ ದಾಖಲೆಯಲ್ಲಿ ಬಂದ ಮೊತ್ತವಷ್ಟೇ ಕಾಣುವುದರಿಂದ ವ್ಯತ್ಯಾಸವನ್ನು ತೋರಿಸಿಕೊಡುವ ಹೊಣೆ ನಿಮ್ಮ ಮೇಲೆ ಬರುತ್ತದೆ. ನೋಟಿಸ್ ಬಂದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಂಥ ಒಂದೊಂದು ಜಮೆಯನ್ನೂ ಗುರುತು ಮಾಡಿ, ಚೀಟಿಯ ಪುಸ್ತಕವನ್ನೂ ಅಣ್ಣನವರ ಖಾತೆಯ ವಿವರವನ್ನೂ ಲಗತ್ತಿಸಿ ಗಡುವಿನೊಳಗೆ ಉತ್ತರ ಕೊಡಿ. ಇನ್ನು ಮುಂದೆ ಅಂಗಡಿಗೆ ಪ್ರತ್ಯೇಕ ಚಾಲ್ತಿ ಖಾತೆ ತೆರೆದು, ಗೋಡೆಯ ಮೇಲಿನ ಕೋಡನ್ನು ಅದಕ್ಕೇ ಜೋಡಿಸಿ. ನಾಳೆ ಫ್ರಿಜ್ಜಿಗೋ ಓವನ್ನಿಗೋ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದೂ ಇದೇ ಖಾತೆಯ ವಹಿವಾಟನ್ನು.